ಕಿರುಚಿತ್ರದ ಸಂಗೀತ ಚಿತ್ರಕಥೆಯಲ್ಲೇ ಶುರುವಾಗಲಿ



1908ರಲ್ಲಿ ಫ್ರಾನ್ಸಿನ ಹೆಸರಾಂತ ಸಂಯೋಜಕ ಸೇನ್-ಸಾನ್ಸ್ ಒಂದು ಮೂಕಿಚಿತ್ರಕ್ಕೆಂದೇ ಹೊಸದಾಗಿ ಸಂಗೀತ ಬರೆದರು. ಡ್ಯೂಕ್ ಒಬ್ಬನ ಕೊಲೆಯ ಕಥೆ. ಇಪ್ಪತ್ತು ನಿಮಿಷವೂ ಇಲ್ಲ. ತಂತಿವಾದ್ಯಗಳ ಜೊತೆ ಪಿಯಾನೋ, ಹಾರ್ಮೋನಿಯಂ, ಅಷ್ಟೇ. ಚಿತ್ರಕ್ಕೆ ಸ್ವಂತ ಸಂಗೀತ ಎಂಬ ಪರಂಪರೆಯ ಮೊದಲ ಸಾಲಿನಲ್ಲೇ ಕಿರುಚಿತ್ರವಿದೆ.

ಇಂದು ನಮ್ಮಲ್ಲಿ ನಡೆಯುವುದೇ ಬೇರೆ. ಹಣವೆಲ್ಲ ಕ್ಯಾಮೆರಾ, ಲೈಟು, ಊಟಕ್ಕೆ ಕರಗಿ, ಎಡಿಟಿಂಗ್ ಮುಗಿದ ಮೇಲೆ ಸಂಗೀತದವರ ನೆನಪಾಗುತ್ತದೆ. ಅಷ್ಟರಲ್ಲಿ ಯಾವುದೋ ದೊಡ್ಡ ಸಿನಿಮಾದ ಸಂಗೀತವನ್ನು ತಾತ್ಕಾಲಿಕವಾಗಿ ಅಂಟಿಸಿಕೊಂಡು ನಿರ್ದೇಶಕರ ಕಿವಿ ಅದಕ್ಕೇ ಒಗ್ಗಿಹೋಗಿರುತ್ತದೆ. 'ಇದೇ ಥರ ಕೊಡಿ' ಎನ್ನುತ್ತಾರೆ. ಸ್ವಂತದ್ದು ಹುಟ್ಟುವ ದಾರಿ ಅಲ್ಲಿಗೆ ಮುಚ್ಚಿತು. ಸಂಯೋಜಕರನ್ನು ಚಿತ್ರಕಥೆಯ ಹಂತದಲ್ಲೇ ಕರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸತ್ಯಜಿತ್ ರಾಯ್ ಅವರ 'ಟೂ' (1964) ನೋಡಿ. ಕಾಲು ಗಂಟೆಯ ಚಿತ್ರ, ಮಾತೇ ಇಲ್ಲ. ಸಂಗೀತವೂ ರಾಯ್ ಅವರದೇ. ಬಂಗಲೆಯ ಹುಡುಗನಿಗೆ ಕಿಟಕಿಯಾಚೆ ಗುಡಿಸಲ ಹುಡುಗನ ಕೊಳಲು ಕೇಳುತ್ತದೆ. ಇವನು ಆಟಿಕೆ ತುತ್ತೂರಿ ತಂದು ಅದನ್ನು ಮೀರಿಸಿ ಊದುತ್ತಾನೆ. ಅವನು ಪುಟ್ಟ ಡೋಲು ತಂದರೆ ಇವನು ಬ್ಯಾಟರಿಯ ಕೋತಿಯಿಂದ ಡೋಲು ಬಡಿಸುತ್ತಾನೆ. ಅವನ ಗಾಳಿಪಟವನ್ನು ಬಂದೂಕಿನಿಂದ ಹೊಡೆದು ಬೀಳಿಸಿ ಗೆದ್ದೆನೆಂದುಕೊಳ್ಳುತ್ತಾನೆ. ಕೊನೆಗೆ ಆಟಿಕೆಗಳ ಗದ್ದಲದ ನಡುವೆ ಮತ್ತೆ ಅದೇ ಕೊಳಲು! ಇಬ್ಬರ ಅಂತರ, ಜಗಳ, ಸೋಲು ಎಲ್ಲವೂ ವಾದ್ಯಗಳಲ್ಲೇ ಇವೆ. ಚಿತ್ರೀಕರಣ ಮುಗಿದ ಮೇಲೆ ಇಂಥ ಸಂಗೀತವನ್ನು ತಂದು ಸೇರಿಸಲಾಗದು.

ಇನ್ನು ಲೆಕ್ಕದ ಮಾತು. ಸೆಕೆಂಡಿಗೆ 24 ಫ್ರೇಮ್. ನಿಮಿಷಕ್ಕೆ 80 ಅಕ್ಷರದ ವೇಗವಿದ್ದರೆ ಆದಿತಾಳದ ಒಂದು ಆವರ್ತ ಸರಿಯಾಗಿ ಆರು ಸೆಕೆಂಡು. ಆದರೆ ಪಾತ್ರದ ಕೈ ಬಾಗಿಲ ಚಿಲಕ ಮುಟ್ಟುವುದು ಆರೂವರೆ ಸೆಕೆಂಡಿಗೆ ಎಂದುಕೊಳ್ಳಿ. ಸಮ, ಅಂದರೆ ಮುಂದಿನ ಆವರ್ತದ ಮೊದಲ ಪೆಟ್ಟು, ಹನ್ನೆರಡು ಫ್ರೇಮ್ ಮೊದಲೇ ಬಿದ್ದುಬಿಡುತ್ತದೆ. ವೇಗವನ್ನು 74ಕ್ಕೆ ಇಳಿಸಿದರೆ ಎರಡೂ ಕೂಡುತ್ತವೆ. ಕೂಡಲೇಬೇಕೇ? ಸಮ ಮೊದಲು ಬಿದ್ದು, ಆ ಅರ್ಧ ಸೆಕೆಂಡು ಮೌನದಲ್ಲಿ ಕೈ ಚಿಲಕ ಮುಟ್ಟಿದರೆ ನೋಡುವವರ ಎದೆ ಇನ್ನೂ ಬಿಗಿಯಬಹುದು. ಈ ವಿವೇಚನೆಯನ್ನು ಯಾವ ಸಾಫ್ಟ್‌ವೇರೂ ನಮ್ಮ ಪರವಾಗಿ ಮಾಡಬಾರದು. ಹತ್ತು ನಿಮಿಷದ ಚಿತ್ರದಲ್ಲಿ ಒಂದು ಸ್ವರಗುಚ್ಛ ಎರಡೋ ಮೂರೋ ಸಲ ಬಂದೀತು; ಹಾಗಾಗಿ ಪ್ರತಿ ಪ್ರವೇಶವೂ ದುಬಾರಿ.

ಮಧ್ಯಾಹ್ನ ವಿದ್ಯಾರ್ಥಿಗಳ ಚಿತ್ರಗಳಿವೆ. ಮೊದಲು ಸಂಗೀತ ತೆಗೆದು, ಬರೀ ಮಾತು ಮತ್ತು ಸದ್ದಿನೊಂದಿಗೆ ತೋರಿಸಿ ಎಂದು ಸಂಘಟಕರನ್ನು ಕೋರುತ್ತೇನೆ. ಸಂಗೀತ ಬೇಕೆನಿಸಿದ ಕ್ಷಣವನ್ನು ನೀವು ಗುರುತು ಹಾಕಿಕೊಳ್ಳಿ. ಆಮೇಲೆ ಸಂಗೀತದೊಡನೆ ನೋಡೋಣ. ನಿಮ್ಮ ಗುರುತಿಗೂ ಸಂಯೋಜಕರು ಶುರು ಮಾಡಿದ ಜಾಗಕ್ಕೂ ಎಷ್ಟು ಅಂತರವಿದೆ, ಏಕಿದೆ ಎಂಬಲ್ಲಿಂದಲೇ ಚರ್ಚೆ ಆರಂಭವಾಗಲಿ.