ಚಹ-ಕಾಫಿಯ ಲೆಕ್ಕ

(ಅಹಮದಾಬಾದಿನಲ್ಲಿ ಸೇರಿದ ಹೊಟೇಲು ಹಾಗೂ ಗಿರಣಿ ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ಚಹ-ಕಾಫಿಯ ಮೇಲೆ ದೂರು ಹೇಳಲು ನಾವು ಎದ್ದು ನಿಂತದ್ದನ್ನು ಕಂಡು ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಬೇಕಾದ ಮಾತೇ ಅದು. ಊರು ಬಿಟ್ಟು ಬಂದ ನಮಗೆ ಈ ನಾಡಿನಲ್ಲಿ ಮೊದಲು ಅನ್ನ ಕೊಟ್ಟದ್ದು ಚಹದ ಒಲೆ. ಲೋಟ ತೊಳೆದೆವು, ಹಾಲು ಕಾಸಿದೆವು, ಡಿಕಾಕ್ಷನ್ ಇಳಿಸಿದೆವು, ಆಮೇಲೆ ಗಲ್ಲೆಯ ಹತ್ತಿರ ನಿಲ್ಲುವಷ್ಟು ದೊಡ್ಡವರಾದೆವು. ನಾವು ವೈದ್ಯರಲ್ಲ. ಆದರೆ ಕುಡಿಸುವವನಿಗೆ ತಾನು ಕುಡಿಸುವುದೇನೆಂದು ತಿಳಿದಿರಬೇಕು. ಅದರಲ್ಲೂ ಎಲ್ಲರಿಗಿಂತ ಹೆಚ್ಚು ಕುಡಿಯುವವನು ಅವನೇ ಆಗಿದ್ದರೆ!

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವುಂಟು. ನಮ್ಮವರೊಬ್ಬರು, ಹೆಸರು ಬೇಡ, ಈ ಸಭೆಯಲ್ಲಿಯೇ ಕೂತಿದ್ದಾರೆ, ಕಳೆದ ಬೇಸಗೆಯಲ್ಲಿ ಒಲೆಯ ಮುಂದೆಯೇ ಕುಸಿದರು. ಎದೆ ಡವಗುಟ್ಟುತ್ತಿತ್ತು, ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರು. ಹೃದಯವೇ ನಿಂತಿತೆಂದು ಹೆದರಿ ನಾವು ನಾಲ್ವರು ಅವರನ್ನು ರಿಕ್ಷಾದಲ್ಲಿ ಹಾಕಿಕೊಂಡು ಓಡಿದೆವು. ಪರೀಕ್ಷೆಗಳೆಲ್ಲ ಆದವು, ಹೃದಯದಲ್ಲಿ ದೋಷವಿರಲಿಲ್ಲ. ಕೊನೆಗೆ ಡಾಕ್ಟರರು, "ದಿನಕ್ಕೆ ಎಷ್ಟು ಚಹ?" ಎಂದು ಕೇಳಿದರು. "ನಾಲ್ಕೈದು" ಎಂದರು ಇವರು. ರುಚಿ ನೋಡಿದ್ದನ್ನು ಸೇರಿಸಿ ಎಂದಾಗ ಲೆಕ್ಕ ಬೇರೆಯಾಯಿತು. ಬೆಳಗಿನ ಮೂರು ಕಾಫಿ, ಹೊತ್ತು ಹೊತ್ತಿಗೆ ಹತ್ತೊಂಬತ್ತು 'ಅಡಧೀ', ತಲೆನೋವಿಗೆಂದು ಎರಡು ಗುಳಿಗೆ, ಸಂಜೆ ತಂಪಿಗೆಂದು ಒಂದು ಬಾಟಲಿ ಕೆಂಪು ಪಾನೀಯ. ಊಟ ಮಾತ್ರ ಒಂದೇ ಹೊತ್ತು. ನಿದ್ದೆ ನಾಲ್ಕು ತಾಸು. ಡಾಕ್ಟರರು ಔಷಧಿ ಬರೆಯಲಿಲ್ಲ. "ಇದನ್ನು ಇಳಿಸಿ, ಮಲಗಿ" ಎಂದರು.

ಆ ದಿನ ಮನೆಗೆ ಬಂದು ನಾವು ನಮ್ಮ ನಮ್ಮ ಲೆಕ್ಕವನ್ನೂ ಹಾಕಿದೆವು. ಯಾರದೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಚಹದಲ್ಲಿಯೂ ಕಾಫಿಯಲ್ಲಿಯೂ ಇರುವ ಚುರುಕಿನ ದ್ರವ್ಯಕ್ಕೆ ಕೆಫೀನು ಎಂದು ಹೆಸರು. 1819ರಲ್ಲಿ ಜರ್ಮನಿಯ ರುಂಗೆ ಎಂಬ ತರುಣ ವಿಜ್ಞಾನಿ ಕಾಫಿ ಬೀಜದಿಂದ ಅದನ್ನು ಬೇರ್ಪಡಿಸಿದನು. ಬೀಜವನ್ನು ಅವನ ಕೈಗೆ ಕೊಟ್ಟು ಪರೀಕ್ಷಿಸಲು ಹೇಳಿದವನು ಮಹಾಕವಿ ಗಯಟೆ. ನಮ್ಮ ಕಡೆಗೆ ಬೀಜ ಬಂದದ್ದು ಇನ್ನೂ ಹಿಂದೆ: ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಕಥೆಯನ್ನು ನೀವೆಲ್ಲ ಬಲ್ಲಿರಿ.

ಇದು ಕೆಲಸ ಮಾಡುವ ಬಗೆ ಗಿರಣಿಯವರಿಗೆ ಬೇಗ ತಿಳಿದೀತು. ಎಚ್ಚರವಿದ್ದಷ್ಟು ಹೊತ್ತೂ ನಮ್ಮ ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯ ಸೇರುತ್ತ ಹೋಗುತ್ತದೆ. ಅದು ತನಗೆ ಮೀಸಲಾದ ಗೂಡುಗಳಲ್ಲಿ ಹೋಗಿ ಕೂತಾಗ ಮೈ "ಸಾಕು, ಮಲಗು" ಎನ್ನುತ್ತದೆ. ಕೆಫೀನು ಬಂದು ಆ ಗೂಡುಗಳಲ್ಲಿ ತಾನೇ ಕೂತುಬಿಡುತ್ತದೆ. ಮಗ್ಗದಲ್ಲಿ ಹೊಕ್ಕಿನ ಎಳೆ ಕಡಿದರೆ ಮಗ್ಗವನ್ನು ತಾನಾಗಿ ನಿಲ್ಲಿಸುವ ಮುಳ್ಳೊಂದಿದೆಯಲ್ಲ, ಅದನ್ನು ದಾರದಿಂದ ಕಟ್ಟಿಬಿಟ್ಟರೆ ಏನಾದೀತು? ಮಗ್ಗ ಓಡುತ್ತದೆ. ಎಳೆ ಕಡಿದೇ ಇರುತ್ತದೆ. ಚಹ ನಮಗೆ ಬಲ ಕೊಡುವುದಿಲ್ಲ, ಆಯಾಸದ ಸುದ್ದಿಯನ್ನು ತಡೆದಿಡುತ್ತದೆ ಅಷ್ಟೆ.

ಹಾಗೆಂದು ಅದು ವಿಷವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಗಾಂಧೀಜಿಯವರು ಮಾತ್ರ ಬಹಳ ಬಿಗಿಯಾಗಿದ್ದರು. 1915ರಲ್ಲಿ ಇದೇ ಊರಿನ ಕೋಚರಬದಲ್ಲಿ, 1917ರಿಂದ ಸಾಬರಮತಿಯ ದಂಡೆಯಲ್ಲಿ ಆಶ್ರಮ ಮಾಡಿದ ಅವರು, 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದು ಆರೋಗ್ಯದ ಮೇಲೆ ಬರೆದಾಗ, ಚಹ, ಕಾಫಿ, ಕೋಕೋ ಮೂರೂ ಶರೀರಕ್ಕೆ ಬೇಕಿಲ್ಲವೆಂದರು. ಆದರೂ ಅಹಮದಾಬಾದು ಚಹ ಬಿಡಲಿಲ್ಲ. ದಕ್ಷಿಣ ಆಫ್ರಿಕದಿಂದ ಮರಳಿ ಬಂದ ನಾರಣದಾಸ ದೇಸಾಯಿಯವರು 1919ರಲ್ಲಿ ಇಲ್ಲಿಯೇ ಗುಜರಾತ್ ಟೀ ಡಿಪೋ ತೆರೆದರು. ಹುಲಿಯೂ ಆಡೂ ಒಂದೇ ಬಟ್ಟಲಲ್ಲಿ ಚಹ ಕುಡಿಯುವ ವಾಘ್ ಬಕರಿಯ ಚಿತ್ರ ಆ ಮನೆತನದ್ದೇ. ಇಂದಿನ ವೈದ್ಯರು ಈ ಎರಡರ ನಡುವೆ ನಿಲ್ಲುತ್ತಾರೆ. ಹಿತಮಿತವಾಗಿ ಕುಡಿದರೆ ಆರೋಗ್ಯವಂತನಿಗೆ ಕೇಡಿಲ್ಲ ಎನ್ನುತ್ತಾರೆ. ಪ್ರಶ್ನೆಯಿರುವುದು ಮಿತ ಎಷ್ಟು ಎಂಬುದರಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. 150 ಮಿಲಿಲೀಟರಿನ ಒಂದು ಬಟ್ಟಲು ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನು. ದಿಢೀರ್ ಪುಡಿಯ ಕಾಫಿಯಲ್ಲಿ 50ರಿಂದ 65. ಚಹದಲ್ಲಿ 30ರಿಂದ 65. ದಿನವೊಂದಕ್ಕೆ 300 ಮಿಲಿಗ್ರಾಂ ದಾಟಬಾರದು. ಈಗ ನೀವೇ ಕೂಡಿಸಿ. ಎರಡು ಬಟ್ಟಲು ಗಟ್ಟಿ ಫಿಲ್ಟರ್ ಕಾಫಿ ಆಗುವಷ್ಟರಲ್ಲಿ 200ರ ಹತ್ತಿರ ಬಂದಿರುತ್ತೇವೆ. ಆಮೇಲೆ ಆರು ಅಡಧೀ ಎಂದರೆ ಮೂರು ತುಂಬು ಬಟ್ಟಲು. ಗೆರೆ ದಾಟಿಯೇ ಹೋಯಿತು. ಅರ್ಧ ಬಟ್ಟಲಲ್ಲವೇ ಎಂದು ನಾವು ಅಡಧಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ! ಇನ್ನೊಂದು ಮಾತು, ಇದು ನಮ್ಮ ಕಸಬಿನದು: ಪುಡಿಚಹವನ್ನು ಹೆಚ್ಚು ಹೊತ್ತು ಕುದಿಸಿದಷ್ಟೂ ಕೆಫೀನು ಹೆಚ್ಚು ಇಳಿಯುತ್ತದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಎರಡರಷ್ಟು ಕೆಫೀನು ಇರುತ್ತದೆ. ಚಿಕೋರಿಯಲ್ಲಿ ಏನೂ ಇಲ್ಲ. ಚಿಕೋರಿ ಹಾಕಿದನೆಂದು ಮಾಲಕನನ್ನು ಬಯ್ಯುವ ಗಿರಾಕಿಗೆ ಇದನ್ನು ಹೇಳಿ ನೋಡಿ.

ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ತಾಸು ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ನಾಲ್ಕು ಗಂಟೆಗೆ ನಾವು ಇಡ್ಲಿಗೆ ಒಲೆ ಹಚ್ಚಲು ಏಳುವಾಗ ಇನ್ನೂ ಕಾಲುಪಾಲು ಉಳಿದಿರುತ್ತದೆ. ಮಲಗುವುದಕ್ಕೆ ಆರು ತಾಸು ಮುಂಚೆ 400 ಮಿಲಿಗ್ರಾಂ ಕೊಟ್ಟು ನೋಡಿದಾಗ ನಿದ್ದೆ ಒಂದು ತಾಸಿಗೂ ಮೇಲೆ ಕಡಿಮೆಯಾಯಿತೆಂದು 2013ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡರು. "ನನಗೆ ಚಹ ಕುಡಿದೂ ನಿದ್ದೆ ಬರುತ್ತದೆ" ಎನ್ನುವವರಿದ್ದೀರಿ. ಬರಬಹುದು, ಆದರೆ ಅದು ಗಾಢ ನಿದ್ದೆಯಲ್ಲ. ಬೀಡಿ ಸೇದುವವರ ಮೈ ಕೆಫೀನನ್ನು ಬೇಗ ಕರಗಿಸುತ್ತದೆ, ಆದ್ದರಿಂದ ಅವರಿಗೆ ಮತ್ತೆ ಮತ್ತೆ ಬೇಕೆನಿಸುತ್ತದೆ. ಬೀಡಿ ಬಿಟ್ಟವರು ಚಹವನ್ನೂ ಇಳಿಸಬೇಕು. ಇಲ್ಲವಾದರೆ ಅದೇ ಚಹ ಎರಡರಷ್ಟಾಗಿ ಕೈ ನಡುಗೀತು, ತಪ್ಪನ್ನು ಬೀಡಿ ಬಿಟ್ಟದ್ದರ ಮೇಲೆ ಹಾಕಿಯಾರು.

ಈಗ ತಲೆನೋವಿನ ಗುಳಿಗೆಯ ಸಂಗತಿ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅಪ್ಪಣೆ ಬೇಡುತ್ತೇವೆ.

1918ರ ಮಾರ್ಚಿಯಲ್ಲಿ ಈ ಊರಿನ ಗಿರಣಿ ಕಾಮಗಾರರು ಕೂಲಿಗಾಗಿ ಹೋರಾಡುತ್ತಿದ್ದರು. ಗಾಂಧೀಜಿ ಉಪವಾಸ ಕೂತರು, ಅನಸೂಯಾ ಬೆಹೆನ್ ಜೊತೆಗಿದ್ದರು. ಎರಡು ವರುಷದ ಮೇಲೆ ಮಜೂರ್ ಮಹಾಜನ ಹುಟ್ಟಿದ್ದು ಅದರಿಂದಲೇ. ಅದೇ 1918ರಲ್ಲಿ ಲೋಕಕ್ಕೆಲ್ಲ ಇನ್‌ಫ್ಲುಯೆಂಜಾ ಬಡಿಯಿತು. ಸ್ವೀಡನ್ ದೇಶದ ಹುಸ್ಕ್‌ವರ್ನಾ ಎಂಬ ಊರಿನಲ್ಲಿ ಒಂದು ದೊಡ್ಡ ಕಾರಖಾನೆ ಇತ್ತು. ಅಲ್ಲಿಯ ವೈದ್ಯ ಯೋರ್ಟನ್ ಎಂಬವರು ಜ್ವರಕ್ಕೆಂದು ಒಂದು ಪುಡಿ ಬರೆದುಕೊಟ್ಟರು. ಅದರಲ್ಲಿ ಫೆನಾಸೆಟಿನ್, ಫೆನಾಜೋನ್, ಜೊತೆಗೆ ಕೆಫೀನು. ಜ್ವರ ಹೋಯಿತು, ಪುಡಿ ಉಳಿಯಿತು. ಪುಡಿ ತೆಗೆದುಕೊಂಡರೆ ಕೆಲಸ ಚುರುಕಾಗಿ ಸಾಗುತ್ತದೆಂದು ಕಾಮಗಾರರು ದಿನವೂ ತೆಗೆದುಕೊಂಡರು. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಬಿಡುವಿನ ಹೊತ್ತಿಗೆ ನಾವು ಚಹ ಕೊಡುವ ಹಾಗೆ. ವರುಷಗಳು ಕಳೆದ ಮೇಲೆ ಆ ಊರಿನಲ್ಲಿ ಮೂತ್ರಪಿಂಡ ಕೆಟ್ಟು ಸಾಯುವವರು ಹೆಚ್ಚಾದರು. ಸ್ವಿಟ್ಜರ್ಲೆಂಡಿನ ಗಡಿಯಾರದ ಕಾರಖಾನೆಗಳಲ್ಲಿಯೂ ಇಂಥದೇ ಪುಡಿ-ಗುಳಿಗೆಗಳಿಂದ ಇದೇ ಬಗೆಯ ಕೇಡಾದುದನ್ನು 1950ರ ದಶಕದಲ್ಲಿ ಗುರುತಿಸಿದರು. ಮೂತ್ರಪಿಂಡ ಕೆಡಿಸಿದ ಮುಖ್ಯ ಅಪರಾಧಿ ಫೆನಾಸೆಟಿನ್. ನಮ್ಮ ದೇಶದಲ್ಲಿಯೂ 1983ರಲ್ಲಿ ಅದನ್ನು ನಿಷೇಧಿಸಲಾಯಿತು. ಆದರೆ ಪುಡಿಯನ್ನು ದಿನದ ಚಟವಾಗಿ ಮಾಡುವುದರಲ್ಲಿ ಕೆಫೀನಿನ ಕೈಯೂ ಇತ್ತೆಂದು ಬಲ್ಲವರು ಹೇಳುತ್ತಾರೆ.

ಅದು ಹೇಗೆಂದರೆ, ದಿನವೂ ಕೆಫೀನು ಕುಡಿಯುವವನಿಗೆ ಒಂದು ದಿನ ತಪ್ಪಿದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸಿನೊಳಗೆ ತಲೆನೋವು ಬರುತ್ತದೆ. ಅದಕ್ಕೆ ಅವನು ನುಂಗುವ ಗುಳಿಗೆಯಲ್ಲಿಯೂ ಕೆಫೀನು ಇದ್ದರೆ ನೋವು ತಟ್ಟನೆ ನಿಲ್ಲುತ್ತದೆ. ಗುಳಿಗೆ ಒಳ್ಳೆಯದೆಂದು ನಂಬುತ್ತಾನೆ. ನಾಳೆ ಮತ್ತೆ ನೋವು, ಮತ್ತೆ ಗುಳಿಗೆ. ಫೆನಾಸೆಟಿನ್ ಹೋಗಿದೆ, ಆದರೆ ಕೆಫೀನು ಸೇರಿದ ನೋವಿನ ಗುಳಿಗೆಗಳು ಪಾನಿನ ಅಂಗಡಿಯಲ್ಲಿ ಕೂಡ ಇಂದಿಗೂ ಸಿಗುತ್ತವೆ. ಸೂರತಿನ ಪಾಂಡೇಸರಾದಲ್ಲಿ ಹನ್ನೆರಡು ತಾಸಿನ ಪಾಳಿ ಮಾಡುವ ತರುಣರ ಜೇಬಿನಲ್ಲಿ ನಾವು ಅವನ್ನು ಕಂಡಿದ್ದೇವೆ. ಮಾತ್ರೆಯ ಹಾಳೆಯನ್ನು ತಿರುಗಿಸಿ ಓದಿಸಿಕೊಳ್ಳಿ. ವಾರಕ್ಕೆ ಮೂರು ಸಲ ಬೇಕಾಗುತ್ತಿದೆಯೆಂದಾದರೆ ಡಾಕ್ಟರರಿಗೆ ತೋರಿಸಿ. ಆ ಬಣ್ಣದ ಬಾಟಲಿಗಳ ಬೆನ್ನನ್ನೂ ಓದಿಸಿ. ಅವುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನು ಹಾಕಲು ಕಾಯಿದೆಯ ಅನುಮತಿಯಿದೆ. ಮಕ್ಕಳಿಗೂ ಬಸುರಿಯರಿಗೂ ತಕ್ಕದ್ದಲ್ಲವೆಂದೂ ಅಲ್ಲಿಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

ತಾಯಂದಿರಿಗೆ ಎರಡು ಮಾತು. ಬಸುರಿಯ ಮೈಯಲ್ಲಿ ಕೆಫೀನು ಬಹಳ ನಿಧಾನವಾಗಿ ಕರಗುತ್ತದೆ, ಮಗುವಿಗೂ ಸೇರುತ್ತದೆ. ಹೆಚ್ಚಾದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗುವ ಭಯವಿದೆ. ಬಸುರಿಯರು ದಿನಕ್ಕೆ 200 ಮಿಲಿಗ್ರಾಂ ದಾಟಬಾರದೆಂದು ಯುರೋಪಿನವರು ಗೆರೆ ಹಾಕಿದ್ದಾರೆ. ಇನ್ನೊಂದು ದೋಷ ಕೆಫೀನಿನದಲ್ಲ, ಚಹದ ಒಗರಿನದು. ಊಟದ ಜೊತೆಗೇ ಚಹ ಕುಡಿದರೆ ಬೇಳೆ-ಸೊಪ್ಪಿನ ಕಬ್ಬಿಣಾಂಶವನ್ನು ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗುಜರಾತಿನ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಕಂಡುಬಂದಿತು. ಅದಕ್ಕೆ ಕಾರಣಗಳು ಹಲವಿವೆ, ಎಲ್ಲವನ್ನೂ ಚಹದ ಮೇಲೆ ಹೊರಿಸಲಾಗದು. ಆದರೆ ಗಂಡ-ಮಕ್ಕಳು ಉಂಡ ಮೇಲೆ ಉಳಿದ ರೊಟ್ಟಿಯನ್ನು ಚಹದಲ್ಲಿ ಅದ್ದಿಕೊಂಡು ಊಟವಾಯಿತೆನ್ನುವ ಅಭ್ಯಾಸ ನಮ್ಮ ಮನೆಗಳಲ್ಲಿಯೂ ಇದೆ, ಇಲ್ಲವೆನ್ನಬೇಡಿ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹ ಬೇಡವೆಂಬುದು ಅದೇ ಹೈದರಾಬಾದಿನ ಸಂಸ್ಥೆಯ ಸಲಹೆ.

ಸಕ್ಕರೆಯನ್ನು ಮರೆತೆವು. ಬಟ್ಟಲಿಗೆ ಎರಡು ಚಮಚೆಯಂತೆ ಹತ್ತು ಬಟ್ಟಲಿಗೆ ಸುಮಾರು 100 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 50ರ ಒಳಗೆ. ಕುದಿಕುದಿಯುವುದನ್ನು ಗಟಗಟನೆ ಸುರಿದುಕೊಳ್ಳುವ ಶೂರರಿಗೂ ಒಂದು ಮಾತು: 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದೆಂದು 2016ರಲ್ಲಿ ಆ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ತೀರ್ಮಾನಿಸಿದರು. ಬಸಿಗೆ ಸುರಿದು ಊದಿ ಕುಡಿಯುವ ಇಲ್ಲಿಯ ಮುದುಕರು ಜಾಣರು.

ಇಷ್ಟನ್ನು ಕೇಳಿ, "ನಾವೇನು ಷೋಕಿಗೆ ಕುಡಿಯುತ್ತೇವೆಯೆ?" ಎಂದು ನೀವು ಕೇಳುವಿರಿ. ಇಲ್ಲ, ಅದು ನಮಗೆ ಗೊತ್ತು. ಬೆಳಗ್ಗೆ ನಾಲ್ಕಕ್ಕೆದ್ದು ರಾತ್ರಿ ಹನ್ನೊಂದಕ್ಕೆ ಕದ ಹಾಕುವವನು ಕುಡಿಯದೆ ಏನು ಮಾಡಿಯಾನು? ಮಧ್ಯಾಹ್ನ ಗಿರಾಕಿಗಳ ಗದ್ದಲದಲ್ಲಿ ಊಟಕ್ಕೆ ಬಿಡುವಿಲ್ಲ, ಚಹ ಹಸಿವನ್ನು ಮುಚ್ಚುತ್ತದೆ. ಹೊಟ್ಟೆಗೆ ಹುಳಿ ಏರುತ್ತದೆ, ಎದೆ ಉರಿಯುತ್ತದೆ. ಮಾಲಕರು ಚಹವನ್ನು ಪುಕ್ಕಟೆ ಕೊಡುತ್ತಾರೆ. ನಿದ್ದೆಯನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ, ಅದಕ್ಕೆ ಇನ್ನೊಬ್ಬ ಆಳಿನ ಪಗಾರ ಬೀಳುತ್ತದೆ. ಆದ್ದರಿಂದಲೇ ಈ ವಿಷಯವನ್ನು ವೈದ್ಯರ ಕೊಠಡಿಯಲ್ಲಿ ಬಿಡದೆ ಸಂಘದ ಸಭೆಗೆ ತಂದೆವು. ಮಧ್ಯಾಹ್ನ ಮೂರರಿಂದ ಐದರವರೆಗೆ ಸರದಿಯಂತೆ ಮಲಗುವ ಬಿಡುವನ್ನು ವಡೋದರೆಯ ಕೆಲವು ಗೆಳೆಯರು ತಮ್ಮ ಹೊಟೇಲಿನಲ್ಲಿ ಮಾತಾಡಿ ಪಡೆದಿದ್ದಾರೆ. ಜಗಳವಾಡದೆಯೇ ಪಡೆದರು. ಹೇಗೆಂದು ಅವರೇ ಈಗ ಹೇಳಲಿದ್ದಾರೆ.

ಇಳಿಸುವ ಬಗೆಯನ್ನಷ್ಟು ಹೇಳಿ ಕೂಡುತ್ತೇವೆ. ಒಮ್ಮೆಗೇ ಬಿಡಬೇಡಿ, ತಲೆನೋವು, ಮಂಕು, ಸಿಟ್ಟು ಒಂದು ವಾರ ಕಾಡಿ ನಿಮ್ಮನ್ನು ಮರಳಿ ಒಲೆಗೇ ತರುತ್ತವೆ. ಮೂರು ದಿನಕ್ಕೊಂದು ಅಡಧಿಯಂತೆ ಇಳಿಸಿ. ರುಚಿ ನೋಡುವಾಗ ಚಮಚೆಯಲ್ಲಿ ನೋಡಿ, ಲೋಟದಲ್ಲಲ್ಲ. ರಾತ್ರಿಪಾಳಿಯವರು ಕುಡಿಯುವುದಿದ್ದರೆ ಪಾಳಿಯ ಮೊದಲ ಅರ್ಧದಲ್ಲಿ ಕುಡಿಯಿರಿ, ಆಮೇಲೆ ಬೇಡ. ಅಹಮದಾಬಾದಿನ ಬೇಸಗೆಯಲ್ಲಿ ಒಲೆಯ ಮುಂದೆ ನಿಲ್ಲುವವರಿಗೆ ನೀರು ಬೇಕು, ಮಜ್ಜಿಗೆ ಬೇಕು. ಮಜ್ಜಿಗೆಯ ವಿಷಯದಲ್ಲಿ ಗುಜರಾತಿನವರಿಗೂ ನಮಗೂ ಭೇದವೇ ಇಲ್ಲ, ಅವರು ಛಾಸ್ ಎನ್ನುತ್ತಾರೆ ಅಷ್ಟೆ. ಚಹಕ್ಕೆ ಹಾಕುವ ಲೀಲಿ ಚಾ ಎಂಬ ಹುಲ್ಲನ್ನೂ ಪುದೀನವನ್ನೂ ಪುಡಿಯಿಲ್ಲದೆ ಬರಿಯ ನೀರಿನಲ್ಲಿ ಕುದಿಸಿ ಕುಡಿದು ನೋಡಿ. ಕೈಯಲ್ಲಿ ಬಿಸಿ ಲೋಟವಿದ್ದರೆ ಅರ್ಧ ಚಪಲ ತೀರುತ್ತದೆ. ಎದೆ ಡವಗುಟ್ಟುವುದು, ನೋವು, ಉಸಿರುಗಟ್ಟುವುದು ಇದ್ದರೆ ಮಾತ್ರ ಚಹದ ದೋಷವೆಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ.

ಆಗ ಹೇಳಿದ ಆ ಗೆಳೆಯರು ಈಗ ದಿನಕ್ಕೆ ಒಂದು ಕಾಫಿ, ನಾಲ್ಕು ಅಡಧಿಗೆ ಬಂದಿದ್ದಾರೆ. ನಡುಕ ನಿಂತಿದೆ. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಲೆಕ್ಕ ಇಡುತ್ತಾರೆ. ನೀವೂ ಈ ವಾರ ಒಂದು ಚೀಟಿಯಲ್ಲಿ ಗೆರೆ ಎಳೆದಿಡಿ, ಚಹ, ಕಾಫಿ, ಗುಳಿಗೆ, ಬಾಟಲಿ ಎಲ್ಲವನ್ನೂ ಸೇರಿಸಿ. ಹೆಸರು ಬರೆಯುವುದು ಬೇಡ. ಮುಂದಿನ ಸಭೆಗೆ ಬರುವಾಗ ತಂದು ಬಾಗಿಲಲ್ಲಿರುವ ಡಬ್ಬಿಯಲ್ಲಿ ಹಾಕಿ; ಬಿಡುವಿನ ಮಾತನ್ನು ಮಾಲಕರ ಮುಂದೆ ಎತ್ತುವಾಗ ಆ ಚೀಟಿಗಳು ನಮ್ಮ ಕೈಯಲ್ಲಿರಬೇಕು.