ನೋಡಿದ ಪಾಠದ ಲೆಕ್ಕ ನಮ್ಮ ಕೈಯಲ್ಲೇ ಇರಲಿ

(ಸಂಘದ ಶಾಖೆಗಳ ಪ್ರತಿನಿಧಿಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವಷ್ಟು ವಿದ್ಯೆ ನನಗಿಲ್ಲ. ಏಳನೆಯ ತರಗತಿ ಮುಗಿಸಿ ಊರು ಬಿಟ್ಟವನು ನಾನು. ಮುಂಬಯಿಗೆ ಬಂದ ಮೇಲೆ ಕಪ್ಪು-ಬಸಿ ತೊಳೆದೆ, ಟೇಬಲ್ ಒರೆಸಿದೆ, ಸಪ್ಲಾಯರ್ ಆದೆ, ಕೆಲವು ದಿನ ಗಲ್ಲೆಯ ಬಳಿಯೂ ನಿಂತೆ. ಆಮೇಲೆ ಸಂಘದ ಕೆಲಸಕ್ಕೆ ಬಂದೆ. ಇಂಥವನು ಕಂಪ್ಯೂಟರಿನ ವಿಷಯ ಮಾತಾಡಲು ನಿಂತಿದ್ದಾನಲ್ಲ ಎಂದು ನಿಮಗೆ ನಗು ಬರಬಹುದು, ನನಗೂ ಬರುತ್ತದೆ. ಆದರೆ ಕಾರ್ಯದರ್ಶಿಗಳು, “ನಿಮ್ಮ ಕೋಣೆಯಲ್ಲಿ ವಿಡಿಯೊ ಪಾಠ ನೋಡಿದ್ದರ ಲೆಕ್ಕವನ್ನು ಯಂತ್ರವೇ ಬರೆಯುವಂತೆ ಮಾಡಿದ್ದೀರಲ್ಲ, ಅದನ್ನು ಉಳಿದ ಶಾಖೆಯವರಿಗೂ ತಿಳಿಸಿ” ಎಂದು ಅಪ್ಪಣೆ ಮಾಡಿದ್ದಾರೆ. ಆದುದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವುದು ಈ ಊರಿನ ಕನ್ನಡಿಗರಿಗೆ ಹೊಸತಲ್ಲ. ಇಲ್ಲಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮುಂದೆ ಬಂದವರು ಈ ಸಭೆಯಲ್ಲೂ ಇದ್ದೀರಿ. ಆದರೆ ಈಗಿನ ಹುಡುಗರ ಪಾಳಿ ಹೇಗಿದೆಯೆಂದರೆ, ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಒಬ್ಬನು ದೋಸೆಕಲ್ಲಿನ ಮುಂದೆ, ಇನ್ನೊಬ್ಬನು ಪಾರ್ಸೆಲ್ ಕಟ್ಟುವ ಕಡೆ. ಅದಕ್ಕಾಗಿ ಹತ್ತನೆಯ ತರಗತಿಗೆ ಕಟ್ಟುವ ಹುಡುಗರಿಗೆಂದು ನಾವು ಸಂಘದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟೆವು. ಅದರಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಪಾಠಗಳ ವಿಡಿಯೊಗಳನ್ನು ತುಂಬಿದೆವು. ಯಾರಿಗೆ ಯಾವಾಗ ಬಿಡುವೋ ಆವಾಗ ಬಂದು ನೋಡಬೇಕು.

ತೊಡಕು ಅಲ್ಲಿಂದಲೇ ಹುಟ್ಟಿತು. ಯಾರು ಯಾವ ಪಾಠವನ್ನು ಎಲ್ಲಿಯ ತನಕ ನೋಡಿದರೆಂಬುದು ಯಾರಿಗೂ ನೆನಪಿಲ್ಲ. ಮೇಜಿಗೆ ದಾರ ಕಟ್ಟಿ ಒಂದು ನೋಟುಬುಕ್ಕು ಇಳಿಬಿಟ್ಟೆವು. ರಾತ್ರಿ ಹನ್ನೊಂದೂವರೆಗೆ ಬಂದು ಒಂದು ಗಂಟೆಗೆ ಏಳುವವನಿಗೆ ಬರೆಯುವ ತಾಳ್ಮೆ ಎಲ್ಲಿರುತ್ತದೆ? ಒಬ್ಬನು ಬರೆಯಲು ಮರೆತ. ಇನ್ನೊಬ್ಬನು ನೋಡದ ಪಾಠವನ್ನೂ ಬರೆದ. ಇಷ್ಟರಲ್ಲಿ ಕಂಪ್ಯೂಟರಿಗೆ ಹಣ ಕೊಟ್ಟಿದ್ದ ಹಿತೈಷಿಯೊಬ್ಬರು, “ಇದನ್ನು ನಿಜವಾಗಿ ಪಾಠಕ್ಕೆ ಉಪಯೋಗಿಸುತ್ತೀರೋ, ಸಿನಿಮಾ ನೋಡುತ್ತೀರೋ? ಲೆಕ್ಕ ತೋರಿಸಿ, ಇಲ್ಲವಾದರೆ ಬೇರೆ ಕಡೆಗೆ ಕೊಡೋಣ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಬಳಿ ಉತ್ತರವಿರಲಿಲ್ಲ.

ಆಗ ನಮ್ಮ ಸದಸ್ಯರೊಬ್ಬರ ಮಗ, ಕಾಲೇಜು ಓದುವ ಹುಡುಗ, ಒಂದು ದಾರಿ ತೋರಿಸಿದ. ನಾವು ಪಾಠ ನೋಡುವುದು ಎಂಪಿವಿ ಎಂಬ ಪ್ಲೇಯರಿನಲ್ಲಿ. ಅದು ಹಣ ಕೊಡದೆ ಸಿಗುವಂಥಾದ್ದು. 2000ದಲ್ಲಿ ಹಂಗೇರಿಯಲ್ಲಿ ಹುಟ್ಟಿದ ಎಂಪ್ಲೇಯರ್ ಎಂಬುದರ ವಂಶದ್ದು. 2013ರಿಂದ ಈ ಹೆಸರಿನಲ್ಲಿ ಬಿಡುಗಡೆಯಾಗುತ್ತಿದೆ. ಅದಕ್ಕೆ ನಾವೇ ಸ್ಕ್ರಿಪ್ಟ್ ಬರೆದು ಕೊಡಬಹುದು. ಸ್ಕ್ರಿಪ್ಟ್ ಎಂದರೆ ನಾಟಕದ ಮಾತುಗಳಲ್ಲ. ಯಂತ್ರಕ್ಕೆ ಬರೆದಿಟ್ಟ ಅಪ್ಪಣೆಗಳ ಚೀಟಿ. ಬೆಳಿಗ್ಗೆ ಅಡಿಗೆಭಟ್ಟರು ಉಗ್ರಾಣದ ಹುಡುಗನಿಗೆ ಚೀಟಿ ಕೊಡುತ್ತಾರಷ್ಟೆ, ಹಾಗೆ. ಆ ಚೀಟಿಯ ಭಾಷೆಯ ಹೆಸರು ಲುವಾ. ಬ್ರೆಜಿಲ್ ದೇಶದ ರಿಯೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಭಾಷೆ. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ. ರಾತ್ರಿ ಓದುವವರಿಗೆ ಒಳ್ಳೆಯ ಹೆಸರೇ ಸಿಕ್ಕಿತೆಂದು ನಾವು ಸಂತೋಷಪಟ್ಟೆವು.

ಮೊದಲ ಚೀಟಿ ಬಹಳ ಚಿಕ್ಕದು. ಪ್ಲೇಯರಿನಲ್ಲಿ ಒಂದು ವಿಡಿಯೊ ತೆರೆದ ಕೂಡಲೆ ‘ಫೈಲ್-ಲೋಡೆಡ್’ ಎಂಬ ಸೂಚನೆ ಹೊರಡುತ್ತದೆ. ಆ ಸೂಚನೆ ಬಂದಾಗ ‘ಮೀಡಿಯಾ-ಟೈಟಲ್’ ಎಂದರೆ ಪಾಠದ ಹೆಸರನ್ನೂ, ತಾರೀಕು ಗಂಟೆಗಳನ್ನೂ ಒಂದು ಕಡತದಲ್ಲಿ ಬರೆ ಎಂದು ಅಪ್ಪಣೆ. ಕೆಲಸ ನಡೆಯಿತು, ನಾವು ಚಹಾ ತರಿಸಿ ಕುಡಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಕಡತದಲ್ಲಿ ಒಂದೇ ಒಂದು ಸಾಲು! ರಾತ್ರಿ ನಾಲ್ಕು ಪಾಠ ನಡೆದಿದ್ದವು. ಕಾರಣವೇನೆಂದರೆ, ಕಡತ ತೆರೆಯುವಾಗ ಯಾವ ಬಗೆಯಲ್ಲಿ ತೆರೆಯಬೇಕೆಂದು ಒಂದು ಅಕ್ಷರದಲ್ಲಿ ಹೇಳಬೇಕು. ‘ಡಬ್ಲ್ಯು’ ಎಂದು ಬರೆದರೆ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತದೆ. ‘ಎ’ ಎಂದು ಬರೆದರೆ ಹಳೆಯದರ ಕೆಳಗೆ ಸೇರಿಸುತ್ತಾ ಹೋಗುತ್ತದೆ. ನಾವು ಡಬ್ಲ್ಯು ಹಾಕಿದ್ದೆವು. ಒಂದು ಅಕ್ಷರದಲ್ಲಿ ಮೂವರ ರಾತ್ರಿ ಹೋಯಿತು. ಶಾಖೆಯವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ಅದನ್ನು ಸರಿಪಡಿಸಿದೆವು. ಆದರೆ ಒಂದು ವಾರದಲ್ಲಿ ಇನ್ನೊಂದು ದೋಷ ಕಂಡಿತು. ತೆರೆದದ್ದೆಲ್ಲ ನೋಡಿದ್ದಲ್ಲ. ಗಿರಾಕಿ ಆರ್ಡರ್ ಕೊಟ್ಟು ಎದ್ದು ಹೋದರೆ ತಿಂದಂತಾಯಿತೆ? ಪಾಠ ತೆರೆದು ನಿದ್ದೆಗಣ್ಣಿನಲ್ಲಿ ಎರಡು ನಿಮಿಷಕ್ಕೆ ಮುಚ್ಚಿದವನ ಹೆಸರಿನಲ್ಲೂ ಒಂದು ಪಾಠ ಜಮೆಯಾಗಿತ್ತು. ಆದುದರಿಂದ ಮುಚ್ಚುವಾಗ ಎಲ್ಲಿಯ ತನಕ ಬಂದಿತ್ತೆಂಬುದನ್ನೂ ಬರೆಯಬೇಕೆಂದು ನಿಶ್ಚಯಿಸಿದೆವು. ವಿಡಿಯೊ ಎಷ್ಟನೆಯ ಸೆಕೆಂಡಿನಲ್ಲಿದೆ ಎಂದು ಹೇಳುವ ಗುಣಕ್ಕೆ ‘ಟೈಮ್-ಪಾಸ್’ ಎಂದು ಹೆಸರು. ಪಾಸ್ ಎಂದರೆ ಪೊಸಿಷನ್, ಸ್ಥಾನ. ಹುಡುಗರು ಮಾತ್ರ, “ಅಣ್ಣಾ, ಯಂತ್ರಕ್ಕೂ ನಮ್ಮ ಟೈಮ್‌ಪಾಸ್ ಗೊತ್ತಾಯಿತಲ್ಲ” ಎಂದು ಬಿದ್ದು ಬಿದ್ದು ನಕ್ಕರು.

ವಿಡಿಯೊ ಮುಗಿದಾಗ ‘ಎಂಡ್-ಫೈಲ್’ ಎಂಬ ಸೂಚನೆ ಬರುತ್ತದೆ. ಅಲ್ಲಿ ಟೈಮ್-ಪಾಸ್ ಕೇಳಿದೆವು. ಉತ್ತರ ಶೂನ್ಯ, ಸ್ಕ್ರಿಪ್ಟ್ ಅಲ್ಲಿಗೇ ನಿಂತಿತು. ಆ ಸೂಚನೆ ಬರುವ ಹೊತ್ತಿಗೆ ವಿಡಿಯೊ ಇಳಿದು ಹೋಗಿರುತ್ತದೆ. ಎಲೆ ಎತ್ತಿದ ಮೇಲೆ ಎಷ್ಟು ಇಡ್ಲಿ ತಿಂದಿರೆಂದು ಎಲೆಯನ್ನು ಕೇಳಿದ ಹಾಗೆ. ಅದಕ್ಕಾಗಿ ‘ಆನ್-ಅನ್‌ಲೋಡ್’ ಎಂಬ ಕೊಕ್ಕೆಯನ್ನು ಉಪಯೋಗಿಸಬೇಕು. ಅದು ವಿಡಿಯೊ ಇಳಿಯುವುದಕ್ಕಿಂತ ಒಂದು ಕ್ಷಣ ಮೊದಲು ನಮ್ಮನ್ನು ಕರೆಯುತ್ತದೆ. ಆಗ ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ.

ಇಷ್ಟಾದರೂ ಲೆಕ್ಕ ಪೂರ್ತಿ ನಿಜವಾಗಲಿಲ್ಲ. ಬಾಣದ ಗುಂಡಿ ಒತ್ತಿ ಕೊನೆಗೆ ಹಾರಿದವನು ಪೂರ್ತಿ ನೋಡಿದವನಂತೆ ಕಾಣುತ್ತಾನೆ. ಹಿಂದೆ ಹಿಂದೆ ಸರಿದು ಮೂರು ಸಲ ಕೇಳಿದವನು ಅರ್ಧವೇ ನೋಡಿದವನಂತೆ ಕಾಣುತ್ತಾನೆ. ನಿಜವಾಗಿ ಕಷ್ಟಪಟ್ಟವನು ಎರಡನೆಯವನು. ಕೊನೆಗೆ ಸೆಕೆಂಡಿಗೊಮ್ಮೆ ಬಡಿಯುವ ಗಡಿಯಾರವೊಂದನ್ನು ಸ್ಕ್ರಿಪ್ಟಿನಲ್ಲೇ ಇಟ್ಟೆವು. ಪ್ರತಿ ಬಡಿತಕ್ಕೂ ವಿಡಿಯೊ ನಿಲ್ಲಿಸಿದೆಯೋ ಓಡುತ್ತಿದೆಯೋ ನೋಡುವುದು, ಓಡುತ್ತಿದ್ದರೆ ಒಂದು ಸೇರಿಸುವುದು, ಹೊಸ ಪಾಠ ತೆರೆದಾಗ ಸೊನ್ನೆಯಿಂದ ಆರಂಭಿಸುವುದು. ಈಗ ಒಂದು ಸಾಲು ಹೀಗೆ ಬೀಳುತ್ತದೆ: 12ನೆಯ ತಾರೀಕು, ರಾತ್ರಿ 11 ಗಂಟೆ 40 ನಿಮಿಷ, ಗಣಿತ, ಪಾಠ 6, ನೋಡಿದ್ದು 22 ನಿಮಿಷ, ನಿಂತದ್ದು 18ನೆಯ ನಿಮಿಷದಲ್ಲಿ. 18ಕ್ಕೆ ನಿಂತ ಪಾಠವನ್ನು 22 ನಿಮಿಷ ನೋಡಿದ್ದಾನೆಂದರೆ ಎಲ್ಲೋ ತಡವರಿಸಿ ಹಿಂದಕ್ಕೆ ಹೋಗಿದ್ದಾನೆಂದು ಅರ್ಥ. ಒಂದು ಭಾನುವಾರ ಹುಡುಗರು ತಮ್ಮ ತಮ್ಮ ಸಾಲುಗಳನ್ನು ಓದಿ ಹೇಳಿದಾಗ ಏಳು ಮಂದಿಯಲ್ಲಿ ಐವರು ಅದೇ ಪಾಠದಲ್ಲಿ ತಡವರಿಸಿದ್ದರು. ನಮ್ಮ ಮಾಸ್ತರರು ಅಂದು ಬೇರೇನನ್ನೂ ಮಾಡದೆ ಆ ಒಂದು ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದರು. ನೋಟುಬುಕ್ಕಿನಿಂದ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಬಂಧುಗಳೆ, ಇಲ್ಲಿಗೆ ಮುಗಿಸಿದ್ದರೆ ಇದು ಬರಿಯ ಯಂತ್ರದ ಕಥೆಯಾಗುತ್ತಿತ್ತು. ಮುಖ್ಯವಾದ ಮಾತು ಇನ್ನು ಮುಂದಿದೆ.

ಒಂದು ದಿನ ಹೋಟೆಲ್ ಮಾಲಿಕರೊಬ್ಬರು ಕೋಣೆಗೆ ಬಂದರು. ಒಳ್ಳೆಯವರೇ, ನಮಗೆ ಎರಡು ಬೆಂಚು ಕೊಟ್ಟವರು. ಅವರು ಕೂತು, “ಏನು ಮಾರಾಯ, ಯಾರು ಎಷ್ಟು ಹೊತ್ತಿನ ತನಕ ಕೂರುತ್ತಾರೆ ಅಂತ ಯಂತ್ರ ಬರೀತದಂತಲ್ಲ. ನಮ್ಮ ಮಾಣಿಗಳದ್ದು ಒಮ್ಮೆ ತೋರಿಸು. ಬೆಳಿಗ್ಗೆ ಐದಕ್ಕೆ ಏಳಲಿಕ್ಕೆ ಯಾಕೆ ಆಗುವುದಿಲ್ಲ ಅಂತ ನೋಡುವಾ” ಎಂದರು.

ನನ್ನ ಕೈ ಕೀಲಿಮಣೆಯ ಮೇಲೆಯೇ ಇತ್ತು. ತೋರಿಸುವುದು ಒಂದು ಗುಂಡಿಯ ಕೆಲಸ. ಆ ಹೊತ್ತಿನಲ್ಲಿ ನನಗೆ ನನ್ನ ಮೊದಲ ಹೋಟೆಲಿನ ಗಲ್ಲೆಯ ಪುಸ್ತಕ ನೆನಪಾಯಿತು. ಅದರಲ್ಲಿ ನನ್ನ ಮುಂಗಡ, ನನ್ನ ರಜೆ, ನಾನು ಒಡೆದ ಗ್ಲಾಸು ಎಲ್ಲವೂ ಇದ್ದವು. ಎರಡು ವರ್ಷ ದುಡಿದು ಊರಿಗೆ ಹೊರಟ ದಿನ ಪುಸ್ತಕ ತೆರೆದು, “ನಿನ್ನ ಕಡೆಯಿಂದಲೇ ಬರಬೇಕು” ಎಂದರು. ನಾನು ಎಷ್ಟು ದಿನ ದುಡಿದೆನೆಂಬ ಲೆಕ್ಕ ನನ್ನ ಕೈಯಲ್ಲಿ ಒಂದು ಚೀಟಿಯಷ್ಟೂ ಇರಲಿಲ್ಲ. ಪುಸ್ತಕ ಸುಳ್ಳೆಂದು ನಾನು ಇಂದಿಗೂ ಹೇಳಲಾರೆ. ನಿಜವೆಂದೂ ಹೇಳಲಾರೆ. ನನಗೆ ಓದಲು ಅದನ್ನು ಕೊಟ್ಟವರೇ ಇಲ್ಲ.

“ಧಣಿಗಳೆ, ಕ್ಷಮಿಸಬೇಕು. ಆ ಲೆಕ್ಕ ಹುಡುಗರದ್ದು. ಅವರೇ ತೋರಿಸಿದರೆ ನೋಡಬಹುದು” ಎಂದೆ. ಅವರಿಗೆ ಬೇಸರವಾಯಿತು. ಬೆಂಚು ವಾಪಸು ಕೇಳಲಿಲ್ಲ. ಆದರೆ ಆಮೇಲೆ ಕೋಣೆಯ ಕಡೆಗೆ ಬರಲೂ ಇಲ್ಲ.

ಅಂದು ರಾತ್ರಿ ನಾವು ಸಭೆ ಸೇರಿದೆವು. ಆಗ ಒಪ್ಪಿಕೊಂಡ ಸಂಗತಿಯೇನೆಂದರೆ, ತಪ್ಪು ನಮ್ಮದೂ ಇತ್ತು. ಎಲ್ಲರ ಲೆಕ್ಕವನ್ನೂ ಹೆಸರು ಸಹಿತ ಒಂದೇ ಕಡತದಲ್ಲಿ ತುಂಬಿದವರು ನಾವೇ. ಹಾಗೆ ತುಂಬಿದ್ದರಿಂದಲೇ ಕೇಳುವವರು ಬಂದರು. ಆ ದಿನವೇ ವ್ಯವಸ್ಥೆ ಬದಲಾಯಿಸಿದೆವು. ಈಗ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬನಿಗೂ ಅವನದೇ ಲಾಗಿನ್, ಅವನದೇ ಗುಪ್ತಪದ. ಸ್ಕ್ರಿಪ್ಟ್ ಅವನ ಫೋಲ್ಡರಿನಲ್ಲೇ ಇರುತ್ತದೆ, ಬರೆಯುವುದೂ ಅಲ್ಲೇ. ಬೇಡವೆಂದರೆ ಅವನು ಅಳಿಸಬಹುದು. ಭಾನುವಾರ ತನ್ನ ಮೊತ್ತವನ್ನು ತಾನೇ ಓದಿ ಹೇಳುತ್ತಾನೆ. ಆ ಮೊತ್ತಗಳನ್ನು ಕೂಡಿಸಿ, ಹೆಸರಿಲ್ಲದೆ, ಹಣ ಕೊಟ್ಟವರಿಗೆ ತಿಳಿಸುತ್ತೇವೆ. ಅವರು ಅಷ್ಟಕ್ಕೆ ತೃಪ್ತರಾಗಿದ್ದಾರೆ. ಯಂತ್ರವನ್ನು ನೋಡಿಕೊಳ್ಳುವವನು ಮನಸ್ಸು ಮಾಡಿದರೆ ಎಲ್ಲರ ಫೋಲ್ಡರನ್ನೂ ತೆರೆಯಬಲ್ಲ, ಇದನ್ನು ಮುಚ್ಚಿಡುವುದಿಲ್ಲ. ಅದಕ್ಕೆ ಬೀಗವಿಲ್ಲ, ಠರಾವು ಇದೆ. ಹಾಗೆ ತೆರೆದವನು ಆ ಕೆಲಸದಿಂದ ಇಳಿಯತಕ್ಕದ್ದೆಂದು ಬರೆದು ಸಹಿ ಹಾಕಿದ್ದೇವೆ. ಮೊದಲ ಸಹಿ ನನ್ನದು.

ಪಾಠ ನೋಡಿದ ಪಟ್ಟಿಗೆ ಇಷ್ಟು ಗುಟ್ಟೇಕೆ ಎಂದು ಕೆಲವರು ಕೇಳಿದ್ದಾರೆ. ಅಮೆರಿಕದಲ್ಲಿ 1987ರಲ್ಲಿ ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರನ್ನು ಸುಪ್ರೀಂ ಕೋರ್ಟಿಗೆ ನೇಮಿಸುವ ಚರ್ಚೆ ನಡೆದಾಗ, ಅವರ ಮನೆಯವರು ಅಂಗಡಿಯಿಂದ ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟುಗಳ ಪಟ್ಟಿ ಪತ್ರಿಕೆಯಲ್ಲಿ ಅಚ್ಚಾಯಿತು. ಪಟ್ಟಿಯಲ್ಲಿ ನಾಚಿಕೆಪಡುವಂಥಾದ್ದು ಏನೂ ಇರಲಿಲ್ಲ. ಆದರೂ ಇದು ಸಲ್ಲದೆಂದು ಅಲ್ಲಿ 1988ರಲ್ಲಿ ಕಾಯಿದೆಯನ್ನೇ ಮಾಡಿದರು. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟಿತು. ಆ ಹಕ್ಕು ದೊಡ್ಡವರಿಗೆ ಮಾತ್ರ, ಕಪ್ಪು ತೊಳೆಯುವವನಿಗೆ ಇಲ್ಲ ಎಂದು ಅಲ್ಲಿ ಬರೆದಿಲ್ಲ.

ಇನ್ನು ಇದನ್ನು ಮಾಡಬೇಕೆನ್ನುವ ಶಾಖೆಗಳಿಗೆ ಎರಡು ಸೂಚನೆ. ನಮ್ಮ ಯಂತ್ರದಲ್ಲಿರುವುದು ಲಿನಕ್ಸ್. ಅದರಲ್ಲಿ ಪ್ರತಿಯೊಬ್ಬನ ಹೋಮ್ ಫೋಲ್ಡರಿನೊಳಗೆ ‘ಡಾಟ್ ಕಾನ್ಫಿಗ್’, ಅದರೊಳಗೆ ‘ಎಂಪಿವಿ’, ಅದರೊಳಗೆ ‘ಸ್ಕ್ರಿಪ್ಟ್ಸ್’ ಎಂಬ ಫೋಲ್ಡರ್ ಇರಬೇಕು. ಇಲ್ಲದಿದ್ದರೆ ನಾವೇ ಮಾಡಬೇಕು. ಹೆಸರುಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಕೊನೆಯ ‘ಎಸ್’ ಬಿಡಬಾರದು. ಚುಕ್ಕೆಯಿಂದ ಆರಂಭವಾಗುವ ಫೋಲ್ಡರ್ ಸುಮ್ಮನೆ ಕಣ್ಣಿಗೆ ಬೀಳುವುದಿಲ್ಲ. ಕಂಟ್ರೋಲ್ ಮತ್ತು ಎಚ್ ಗುಂಡಿ ಕೂಡಿ ಒತ್ತಿದರೆ ಸಾಮಾನ್ಯವಾಗಿ ಕಾಣುತ್ತದೆ. ‘ಡಾಟ್ ಲುವಾ’ ಎಂದು ಮುಗಿಯುವ ಸ್ಕ್ರಿಪ್ಟನ್ನು ಅಲ್ಲಿ ಇಟ್ಟರೆ ಸಾಕು, ಪ್ಲೇಯರ್ ಪ್ರತಿ ಸಲ ತಾನೇ ಓದಿಕೊಳ್ಳುತ್ತದೆ. ಕೆಲಸ ಮಾಡದಿದ್ದರೆ ಪ್ಲೇಯರನ್ನು ಟರ್ಮಿನಲಿನಿಂದ ಆರಂಭಿಸಿ. ಎಷ್ಟನೆಯ ಸಾಲಿನಲ್ಲಿ ತಪ್ಪಿದೆಯೆಂದು ಅದೇ ಹೇಳುತ್ತದೆ.

ಎರಡನೆಯದು, ಪಾಠಗಳಿಗೆ ಮೊದಲು ಸರಿಯಾದ ಹೆಸರಿಡಿ. ಉಗ್ರಾಣದ ಡಬ್ಬಿಗಳಿಗೆ ಚೀಟಿ ಅಂಟಿಸದಿದ್ದರೆ ಸಕ್ಕರೆಗೆ ರವೆ ಬರುತ್ತದೆ. ನಮ್ಮ ಕಡತದಲ್ಲಿ ಮೊದಲ ತಿಂಗಳು ‘ವಿಡಿಯೊ 1’, ‘ವಿಡಿಯೊ 1 ಕಾಪಿ’ ಎಂದೇ ತುಂಬಿತ್ತು. ಮತ್ತು ತೆರೆದಾಗ ಒಂದು ಸಾಲು, ಮುಚ್ಚಿದಾಗ ಒಂದು ಸಾಲು ಬರೆಯಿಸಿ. ಯಾರಾದರೂ ಪ್ಲಗ್ ಕಿತ್ತರೆ ಎರಡನೆಯದು ಹೋದರೂ ಮೊದಲನೆಯದು ಉಳಿಯುತ್ತದೆ. ಪೂರ್ತಿ ಸ್ಕ್ರಿಪ್ಟ್ ಮೂವತ್ತು ಸಾಲಿನೊಳಗಿದೆ. ಬೇಕಾದವರಿಗೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತೇನೆ. ಅದರ ಜೊತೆಗೆ ನಮ್ಮ ಠರಾವಿನ ಪ್ರತಿಯನ್ನೂ ಕೊಡುತ್ತೇನೆ. ದಯವಿಟ್ಟು ಎರಡನ್ನೂ ಒಟ್ಟಿಗೆ ಒಯ್ಯಬೇಕೆಂದು ನನ್ನ ವಿನಂತಿ. ಸ್ಕ್ರಿಪ್ಟ್ ಮಾತ್ರ ಒಯ್ದರೆ ಇನ್ನೊಂದು ಗಲ್ಲೆಯ ಪುಸ್ತಕವಾದೀತು.

ಕಳೆದ ವಾರ ಒಬ್ಬ ಹುಡುಗ ತನ್ನ ಕಡತವನ್ನು ತಾನೇ ತೆರೆದು, “ಅಣ್ಣಾ, ಈ ತಿಂಗಳಲ್ಲಿ ನಾನು ಹದಿನಾಲ್ಕು ಗಂಟೆ ಓದಿದ್ದೇನೆ, ನೋಡಿ” ಎಂದು ಕರೆದು ತೋರಿಸಿದ. ನಾನು ಕೇಳಿರಲಿಲ್ಲ. ಅವನಿಗೇ ತೋರಿಸಬೇಕೆನಿಸಿತು. ನಾವು ಪಟ್ಟ ಶ್ರಮ ಸಾರ್ಥಕವಾಯಿತೆಂದು ನನಗೆ ಅಂದು ಅನಿಸಿತು.