ಬಣ್ಣದಲ್ಲಿ ನಾಟಿದ ಕಬ್ಬಿಣ



ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಗಳಲ್ಲಿ ಕಾರಿನ ಮೇಲೆ ಕೆಂಪು ಧೂಳು ಕೂರುವುದನ್ನು ಕಂಡಿರಬಹುದು. ಅದರಲ್ಲಿರುವ ಹೆಮಟೈಟ್ ನೆಲದಲ್ಲಿದ್ದಾಗಲೇ ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಅದು ಇನ್ನು ತುಕ್ಕು ಹಿಡಿಯುವ ಮಾತಿಲ್ಲ. ಧಾರಾಳವಾಗಿ ನೀರು ಸುರಿದರೆ ಬಹುಪಾಲು ಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಮಾತ್ರ ಗೀರು ಬೀಳುತ್ತದೆ.

ಹಠಮಾರಿ ಕಣಗಳು ಬೇರೆಯೇ ಇವೆ. ಹಿರಿಯೂರಿನ ಹೆದ್ದಾರಿಯಲ್ಲಿ ಬ್ರೇಕ್ ಹಾಕಿದಾಗ, ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ನಿಲ್ಲುವಾಗ, ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್ ತಿರುಗುವಾಗ ಸಿಡಿಯುವ ಅಪ್ಪಟ ಕಬ್ಬಿಣದ ಬಿಸಿ ಕಣಗಳು ಬಣ್ಣದಲ್ಲಿ ನಾಟಿಕೊಳ್ಳುತ್ತವೆ. ತೇವ ತಗುಲಿದರೆ ತುಕ್ಕಾಗಿ ಹಿಗ್ಗುತ್ತವೆ. ಬಿಳಿ ಕಾರಿನಲ್ಲಿ ಕಂದು ಚುಕ್ಕೆಗಳಾಗಿ ಕಾಣುತ್ತವೆ. ಕಾರು ತೊಳೆದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮೆಲ್ಲಗೆ ಸವರಿ ನೋಡಿ. ಉಪ್ಪುಕಾಗದದಂತೆ ತರಿತರಿಯಾಗಿದ್ದರೆ ಅವು ಇವೆ ಎಂದರ್ಥ.

ಬಣ್ಣದ ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ 40–50 ಮೈಕ್ರಾನ್ ಮಾತ್ರ. ಆದ್ದರಿಂದ ಬ್ಲೇಡು, ಉಕ್ಕಿನ ನಾರು ಬೇಡ. ಹಿತ್ತಾಳೆ ಬೆಳಗುವ ಹುಣಿಸೆಹುಳಿಯೂ ಇಲ್ಲಿಗೆ ಸಲ್ಲದು. ಕಬ್ಬಿಣವನ್ನು ಉಜ್ಜಿ ತೆಗೆಯುವುದಕ್ಕಿಂತ ಕರಗಿಸುವುದೇ ಲೇಸು.

ಅಮೋನಿಯಂ ಥಯೋಗ್ಲೈಕೋಲೇಟ್ ಇರುವ, ಕಾರಿನ ಬಣ್ಣಕ್ಕೆಂದೇ ತಯಾರಾದ ದ್ರಾವಣವನ್ನು ನೆರಳಿನಲ್ಲಿ, ಕಾರು ತಣ್ಣಗಿರುವಾಗ ಸಿಂಪಡಿಸಿ. ಕಬ್ಬಿಣದೊಡನೆ ಸೇರಿ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನೋಡಲು ಸೊಗಸು, ಮೂಗಿಗೆ ಮಾತ್ರ ಕೊಳೆತ ಮೊಟ್ಟೆ! (ಕೂದಲನ್ನು ಗುಂಗುರು ಮಾಡುವ ದ್ರವದಲ್ಲಿಯೂ ಇದೇ ಲವಣವಿದೆ.) ಕೈಗವಸು ಧರಿಸಿ, ಗಾಳಿಯಾಡುವ ಕಡೆ ಕೆಲಸ ಮಾಡಿ, ಆಮ್ಲ ಬೆರೆಸಬೇಡಿ. ಡಬ್ಬಿಯ ಮೇಲೆ ಸೂಚಿಸಿದ ನಿಮಿಷಗಳೊಳಗೆ, ಒಣಗುವ ಮೊದಲೇ ತೊಳೆದುಬಿಡಿ.

ಆಮೇಲೂ ಉಳಿದ ಕಣಗಳಿಗೆ ಕಾರಿನ ಕ್ಲೇ ಸಿಗುತ್ತದೆ. ಶಾಂಪೂ ನೀರು ಹಾಕಿ, ಒತ್ತದೆ ಜಾರಿಸಿ; ಆಗಾಗ ಮಡಚಿ ಹೊಸ ಮೈ ಹೊರಳಿಸಿಕೊಳ್ಳಿ. ನೆಲಕ್ಕೆ ಬಿದ್ದ ತುಂಡನ್ನು ಎಸೆದುಬಿಡಿ, ಅದಕ್ಕೆ ಮರಳು ಮೆತ್ತಿರುತ್ತದೆ.